ಗುಳೆ ಹೊರಡುವ ಮುನ್ನ ದವಾಖಾನೆ ಚೀಟಿ ಮೊಬೈಲಿಗೆ ಸೇರಲಿ

ಗಬ್ಬೂರು ಕಡೆಯ ತಾಯಿಯೊಬ್ಬರು ಸರ್ಕಾರಿ ದವಾಖಾನೆಯ ಬೆಂಚಿನ ಮೇಲೆ ಕುಳಿತು ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚುತ್ತಿದ್ದರು. ಒಳಗೆ ಮಡಿಕೆಯಲ್ಲೇ ಹರಿದ ಎರಡು ಚೀಟಿ, ಗುಳಿಗೆಯ ಖಾಲಿ ಪಟ್ಟಿ, ಒಂದು ಇಸಿಜಿ. ಇಸಿಜಿ ಕಾಗದದ ಗೆರೆಗಳು ಬಿಸಿಲಿಗೆ ಮಾಸಿ ಅರ್ಧ ಅಳಿಸಿಹೋಗಿದ್ದವು. "ಯವ್ವಾ, ಬೆಂಗಳೂರಾಗ ಕೊಟ್ಟ ಚೀಟಿ ಎಲ್ಲೈತಿ?" ಎಂದು ಸಿಸ್ಟರ್ ಕೇಳಿದರು. "ಶೆಡ್ಡಿನ್ಯಾಗ ಉಳದಾವ್ರೀ. ಸಣ್ಣ ಬಿಳಿ ಗುಳಿಗಿ ಕೊಟ್ಟಿದ್ರು" ಎಂದರು ತಾಯಿ. ಬಿಳಿ ಗುಳಿಗೆ ನೂರು ತರಹದ್ದಿವೆ. ಡಾಕ್ಟರು ಮತ್ತೆ ಮೊದಲಿನಿಂದ ಪರೀಕ್ಷೆ ಬರೆದರು.

ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರು, ಹೈದರಾಬಾದ್, ಪುಣೆಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ಬಹಳ. ಮೂರು ತಿಂಗಳು ಅಲ್ಲಿ, ಬಿತ್ತನೆ ಹೊತ್ತಿಗೆ ಇಲ್ಲಿ. ರೋಗ ಜೊತೆಗೇ ಬರುತ್ತದೆ, ಚೀಟಿ ಬರುವುದಿಲ್ಲ. ದೇಶದಲ್ಲಿ ಎಲ್ಲಿ ಚಿಕಿತ್ಸೆ ಪಡೆದರೂ ದಾಖಲೆ ಒಂದೇ ಖಾತೆಯಡಿ ಸಿಗಲಿ ಎಂದು ಕೇಂದ್ರ ಸರ್ಕಾರ 2020ರ ಆಗಸ್ಟ್ 15ರಂದು ಡಿಜಿಟಲ್ ಆರೋಗ್ಯ ಮಿಷನ್ ಘೋಷಿಸಿತು. ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆಸಿ, 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಇದರಡಿ ಪ್ರತಿಯೊಬ್ಬರಿಗೂ ಸಿಗುವ 14 ಅಂಕಿಯ ಸಂಖ್ಯೆಯೇ ಆಭಾ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಆಭಾ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಚಿಕಿತ್ಸೆಯ ಖರ್ಚು ಭರಿಸುವುದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡ್. ಆಭಾ ದಾಖಲೆ ಜೋಡಿಸುವ ಸಂಖ್ಯೆ ಮಾತ್ರ, ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಆಭಾ ತೋರಿಸಿದರೆ ಆಪರೇಷನ್ ಪುಕ್ಕಟೆ ಎಂದು ನಂಬಿ ದೂರದೂರಿಗೆ ಹೋಗಿ ತೊಂದರೆಗೆ ಸಿಲುಕಬೇಡಿ.

ಮೊದಲ ಹೆಜ್ಜೆ: ಆಧಾರ್‌ನಲ್ಲಿರುವ ಮೊಬೈಲ್ ನಂಬರ್

ಬಹುಪಾಲು ಮಂದಿ ಎಡವುವುದು ಇಲ್ಲೇ. ಆಭಾ ಮಾಡುವಾಗ ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಗುಳೆ ಹೋದವರು ಊರೂರಿಗೆ ಸಿಮ್ ಬದಲಿಸಿರುತ್ತಾರೆ, ಹಳೆಯ ನಂಬರ್ ಬಂದ್ ಆಗಿರುತ್ತದೆ. ಆಧಾರ್ ಕೇಂದ್ರಕ್ಕೆ ಹೋಗಿ ಈಗಿನ ನಂಬರ್ ಸೇರಿಸಿ. ಇದಕ್ಕೆ ಬೇರೆ ದಾಖಲೆ ಪತ್ರ ಬೇಕಿಲ್ಲ, ಬೆರಳಚ್ಚು ಅಥವಾ ಕಣ್ಣಿನ ಗುರುತು ಕೊಟ್ಟು ಸಣ್ಣ ಶುಲ್ಕ ಕಟ್ಟಿದರಾಯಿತು. ಸಿಮೆಂಟು, ಇಟ್ಟಿಗೆ ಹಿಡಿದು ಸವೆದ ಕೈಗಳ ಬೆರಳಚ್ಚನ್ನು ಯಂತ್ರ ಸುಲಭವಾಗಿ ಹಿಡಿಯುವುದಿಲ್ಲ. ಅಂಥವರು ಕಣ್ಣಿನ ಗುರುತು ತೆಗೆದುಕೊಳ್ಳಿ ಎಂದು ಕೇಳಿ. ಹೆಸರು, ಹುಟ್ಟಿದ ವರ್ಷ ತಪ್ಪಿದ್ದರೆ ಆಗಲೇ ತಿದ್ದಿಸಿ. ಆಧಾರ್‌ನಲ್ಲಿ ಒಂದು ಹೆಸರು, ದವಾಖಾನೆ ಪುಸ್ತಕದಲ್ಲಿ ಇನ್ನೊಂದು ಇದ್ದರೆ ಮುಂದೆ ದಾಖಲೆ ಜೋಡಿಸುವುದು ಕಷ್ಟವಾಗುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮನೆಗೊಂದೇ ಫೋನ್ ಇದ್ದು ಅದು ಗಂಡನ ಅಥವಾ ಮಗನ ಕೈಯಲ್ಲಿದ್ದರೆ, ನಿಮ್ಮ ದಾಖಲೆಯ ಒಟಿಪಿಯೂ ಅವರ ಕೈಗೇ ಹೋಗುತ್ತದೆ. ಗರ್ಭಪಾತ, ಮುಟ್ಟಿನ ತೊಂದರೆ, ಮಾನಸಿಕ ಚಿಕಿತ್ಸೆಯಂಥ ವಿಷಯ ಯಾರಿಗೆ ತಿಳಿಯಬೇಕು ಎಂಬುದನ್ನು ನೀವೇ ತೀರ್ಮಾನಿಸಬೇಕು. ಸಾಧ್ಯವಾದರೆ ನಿಮ್ಮದೇ ನಂಬರ್ ಜೋಡಿಸಿ. ಈ ಯೋಜನೆಯ ಚರ್ಚೆಗಳಲ್ಲಿ ಈ ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ.

ಎರಡನೆಯದು: ಆಭಾ ಮಾಡಿಸುವುದು

ಆಭಾ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆ ಹಾಕಿ, ಒಟಿಪಿ ಕೊಟ್ಟರೆ 14 ಅಂಕಿಯ ಸಂಖ್ಯೆ ಬರುತ್ತದೆ. ಜೊತೆಗೆ ಇ-ಮೇಲ್ ಹಾಗೆ ಕಾಣುವ ಆಭಾ ವಿಳಾಸವನ್ನೂ ಆರಿಸಿಕೊಳ್ಳಬೇಕು. ಇದಕ್ಕೆ ಹಣ ಇಲ್ಲ. ಸ್ಮಾರ್ಟ್‌ಫೋನ್ ಇಲ್ಲದವರು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಸಂಖ್ಯೆಯನ್ನು ತಾಯಿ ಕಾರ್ಡಿನ ಅಥವಾ ರೇಷನ್ ಕಾರ್ಡಿನ ಹಿಂಬದಿಯಲ್ಲಿ ಬರೆದಿಡಿ. ಫೋನ್ ಮಾಡಿ ಒಟಿಪಿ ಕೇಳುವ ಯಾರಿಗೂ ಹೇಳಬೇಡಿ.

ಮೂರನೆಯದು: ದಾಖಲೆ ಜೋಡಿಸುವುದು

ಕೆಲಸ ನಿಜವಾಗಿ ಶುರುವಾಗುವುದು ಈಗ. ದೇಶದಲ್ಲಿ ಆಭಾ ಖಾತೆಗಳ ಸಂಖ್ಯೆ 70 ಕೋಟಿ ದಾಟಿದೆ. ಆದರೆ ಸಂಖ್ಯೆ ಸಿಕ್ಕ ಮಾತ್ರಕ್ಕೆ ಒಳಗೆ ದಾಖಲೆ ಕೂಡುವುದಿಲ್ಲ. ದಾಖಲೆಗಳೆಲ್ಲ ದೆಹಲಿಯ ಒಂದೇ ಕಂಪ್ಯೂಟರಿನಲ್ಲಿ ಇರುವುದೂ ಇಲ್ಲ, ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ ಇರುತ್ತವೆ. ಆಸ್ಪತ್ರೆ ಅವನ್ನು ಕಂಪ್ಯೂಟರಿಗೆ ಏರಿಸಿ ನಿಮ್ಮ ಸಂಖ್ಯೆಗೆ ಜೋಡಿಸಿದರೆ ಮಾತ್ರ ನಿಮ್ಮ ಆ್ಯಪ್‌ನಲ್ಲಿ ಕಾಣುತ್ತವೆ.

ಹಾಗಾಗಿ ಒಪಿಡಿ ಚೀಟಿ ಮಾಡಿಸುವಾಗಲೇ ಆಭಾ ಸಂಖ್ಯೆ ಕೊಡಿ. ಕೌಂಟರಿನಲ್ಲಿ ಕ್ಯುಆರ್ ಫಲಕ ಇದ್ದರೆ ಆ್ಯಪ್‌ನಿಂದ ಸ್ಕ್ಯಾನ್ ಮಾಡಿ. ಹೆಸರು, ವಯಸ್ಸು ತಾನೇ ಹೋಗಿ ಟೋಕನ್ ಬರುತ್ತದೆ. ಹೊರಡುವಾಗ "ನನ್ನ ರಿಪೋರ್ಟು ಆಭಾಕ್ಕೆ ಜೋಡಿಸಿದ್ದೀರಾ?" ಎಂದು ಒಂದು ಮಾತು ಕೇಳಿ.

ಕೇಳಿದರೂ ಎಲ್ಲ ಕಡೆ ಆಗುವುದಿಲ್ಲ. ಹೊರಗೆ ಸಾಲು ಬೆಳೆಯುತ್ತಿರುವಾಗ ಒಬ್ಬ ಡಾಕ್ಟರು ರೋಗಿಯ ನಾಡಿ ನೋಡಬೇಕೋ, ಕೀಬೋರ್ಡ್ ಒತ್ತಬೇಕೋ? ಕರೆಂಟ್ ಹೋದರೆ, ನೆಟ್‌ವರ್ಕ್ ಕೈಕೊಟ್ಟರೆ ಮತ್ತೆ ಪೆನ್ನೇ ಗತಿ. ಸಣ್ಣ ಖಾಸಗಿ ಕ್ಲಿನಿಕ್‌ಗಳಲ್ಲಿ ಕಂಪ್ಯೂಟರೇ ಇರುವುದಿಲ್ಲ. ಬೆರಳಚ್ಚಿಸುವ ಸಿಬ್ಬಂದಿಯನ್ನು ಕೊಡದೆ ಹೊಸ ಸಾಫ್ಟ್‌ವೇರ್ ಮಾತ್ರ ಕೊಡುವುದು ಡಾಕ್ಟರಿಗೂ ರೋಗಿಗೂ ಮಾಡುವ ಅನ್ಯಾಯ. ಇಂಗ್ಲೆಂಡಿನಲ್ಲೂ 2002ರಲ್ಲಿ ಇಂಥದೇ ರಾಷ್ಟ್ರೀಯ ಯೋಜನೆ ಆರಂಭವಾಗಿತ್ತು. ಅಪಾರ ಹಣ ಸುರಿದ ಮೇಲೆ 2011ರಲ್ಲಿ ಅದನ್ನು ಕಳಚಬೇಕಾಯಿತು. ಆಸ್ಪತ್ರೆಗಳ ನಿತ್ಯದ ಕೆಲಸ ಅರಿಯದೆ ಮೇಲಿನಿಂದ ಹೇರಿದ್ದು ಅದರ ಸೋಲಿನ ಒಂದು ಕಾರಣ.

ಆದ್ದರಿಂದ ಹಳೆಯ ಕಾಗದವನ್ನು ನೀವೇ ಕಾಯಬೇಕು. ಪ್ರತಿ ಚೀಟಿಯನ್ನೂ ಬೆಳಕಿನಲ್ಲಿ ಹರವಿ, ತಾರೀಖು ಕಾಣುವಂತೆ ಫೋಟೊ ತೆಗೆದು ಆ್ಯಪ್‌ಗೆ ಏರಿಸಿ. ಇಸಿಜಿಯನ್ನು ಅದೇ ದಿನ ತೆಗೆಯಿರಿ. ಅದು ಶಾಖಕ್ಕೆ ಮೂಡುವ ಕಾಗದ, ಬಿಸಿಲು ತಗುಲಿದರೆ ಗೆರೆ ಅಳಿಯುತ್ತದೆ. ಗುಳಿಗೆ ಪಟ್ಟಿಯ ಮೇಲಿನ ಹೆಸರಿಗೂ ಒಂದು ಫೋಟೊ ಇರಲಿ. ಅಲರ್ಜಿ, ಆಪರೇಷನ್, ಬಿಪಿ-ಶುಗರ್ ಗುಳಿಗೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಅದರ ಫೋಟೊವನ್ನೂ ಸೇರಿಸಿ. ಮೂಲ ಕಾಗದ ಎಸೆಯಬೇಡಿ.

ನಾಲ್ಕನೆಯದು: ಒಪ್ಪಿಗೆ

ಬೇರೆ ಆಸ್ಪತ್ರೆ ನಿಮ್ಮ ದಾಖಲೆ ನೋಡಬೇಕಾದರೆ ಆ್ಯಪ್‌ಗೆ ಕೋರಿಕೆ ಬರುತ್ತದೆ. ಯಾರು ಕೇಳುತ್ತಿದ್ದಾರೆ, ಯಾವ ದಾಖಲೆ, ಎಷ್ಟು ದಿನಕ್ಕೆ ಎಂದು ಓದಿ. ಎಲ್ಲಕ್ಕೂ ಹೂಂ ಎನ್ನಬೇಕಿಲ್ಲ. ದಾಖಲೆಯನ್ನೂ ಅವಧಿಯನ್ನೂ ಕಡಿಮೆ ಮಾಡಬಹುದು, ತಿರಸ್ಕರಿಸಬಹುದು, ಕೊಟ್ಟ ಒಪ್ಪಿಗೆಯನ್ನು ಮುಂದೆ ಹಿಂಪಡೆಯಬಹುದು. ಓದಲು ಬಾರದವರಿಗೆ ಮನೆಯ ಓದಿದ ಮಗಳೋ ಮಗನೋ ಜೋರಾಗಿ ಓದಿ ಹೇಳಲಿ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ನಡೆದು ದಿನಗಟ್ಟಲೆ ಕೈಬರಹದಲ್ಲೇ ಕೆಲಸ ಸಾಗಿಸಬೇಕಾಯಿತು. ದೊಡ್ಡ ಆಸ್ಪತ್ರೆಗೇ ಹೀಗಾದರೆ ನಾವು ಎಷ್ಟು ಎಚ್ಚರವಿದ್ದರೂ ಕಡಿಮೆಯೇ.

ಆಭಾ ಕಡ್ಡಾಯವಲ್ಲ, ಅದಿಲ್ಲದವರಿಗೂ ಚಿಕಿತ್ಸೆ ಸಿಗಬೇಕು. ತೊಡಕಾದರೆ ಮಿಷನ್‌ನ ಉಚಿತ ಸಹಾಯವಾಣಿ 1800-11-4477ಕ್ಕೆ ಕರೆ ಮಾಡಿ. ಈ ಸಲ ಗುಳೆಗೆ ಗಂಟು ಕಟ್ಟುವ ಹಿಂದಿನ ದಿನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮನೆಯ ಚೀಟಿಗಳಿಗೆಲ್ಲ ಫೋಟೊ ತೆಗೆಯಿರಿ, ಮೊದಲು ಇಸಿಜಿಗೆ.