ಬ್ಯಾಕ್ಟೀರಿಯಾದ ಹಸಿವಿನ ಗಂಟೆ



ಬ್ಯಾಕ್ಟೀರಿಯಾ ಅಂದ ಕೂಡಲೇ ನಮಗೆ ನೆನಪಾಗುವುದು ರೋಗ, ಇಲ್ಲದಿದ್ದರೆ ಮೊಸರು. ಅದಕ್ಕೂ ಹಸಿವಾಗುತ್ತದೆ ಅಂತ ಯಾರೂ ಯೋಚಿಸುವುದಿಲ್ಲ. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಮಿದುಳಿಲ್ಲ, ನರವೂ ಇಲ್ಲ. ಹಾಗಾದ್ರೆ "ಆಹಾರ ಮುಗೀತು, ಬೇರೆ ದಾರಿ ನೋಡು" ಅಂತ ಅದಕ್ಕೆ ಹೇಳುವವರು ಯಾರು? ಅದರ ಒಳಗೇ ಇರುವ ಒಂದು ಚಿಕ್ಕ ರಾಸಾಯನಿಕ. ಆಶ್ಚರ್ಯ ಏನೆಂದರೆ ಅದೇ ರಾಸಾಯನಿಕ ಈ ಗೋಡೆ ಪತ್ರಿಕೆ ಓದುತ್ತಿರುವ ನಿಮ್ಮ ದೇಹದಲ್ಲೂ ಇದೆ! ಅದರ ವಿಷಯ ತಿಳಿಯೋಣ ಬನ್ನಿ.

1. ಎರಡು ಸಕ್ಕರೆ, ಎರಡು ಮೆಟ್ಟಿಲು

ಇ. ಕೋಲಿ ಎಂಬ ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ವಾಸಿಸುತ್ತದೆ. 1885ರಲ್ಲಿ ಥಿಯೊಡೋರ್ ಎಷೆರಿಕ್ ಎಂಬ ಮಕ್ಕಳ ವೈದ್ಯರು ಜರ್ಮನಿಯಲ್ಲಿ ಇದನ್ನು ವರ್ಣಿಸಿದರು. ಇದರ ಉದ್ದ ಸುಮಾರು 2 ಮೈಕ್ರೋಮೀಟರ್. ಅಂದ್ರೆ 500 ಇ. ಕೋಲಿಗಳು ಸಾಲಾಗಿ ನಿಂತರೆ ನಮ್ಮ ಸ್ಕೇಲಿನ ಒಂದೇ ಒಂದು ಮಿಲಿಮೀಟರ್ ಆಗುತ್ತದೆ.

1940ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಜಾಕ್ ಮೊನೋ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳಿಗೆ ಎರಡು ಬಗೆಯ ಸಕ್ಕರೆ ಒಟ್ಟಿಗೆ ಕೊಟ್ಟು ನೋಡಿದರು. ಒಂದು ಗ್ಲೂಕೋಸ್, ಇನ್ನೊಂದು ಲ್ಯಾಕ್ಟೋಸ್ ಅಂತ ಇಟ್ಟುಕೊಳ್ಳಿ. ಲ್ಯಾಕ್ಟೋಸ್ ಅಂದ್ರೆ ಹಾಲಿನಲ್ಲಿರುವ ಸಕ್ಕರೆ. ಬ್ಯಾಕ್ಟೀರಿಯಾಗಳು ಎರಡನ್ನೂ ಕಲಸಿ ತಿನ್ನಲಿಲ್ಲ. ಮೊದಲು ಗ್ಲೂಕೋಸ್ ತಿಂದು ಬೇಗ ಬೇಗ ಹೆಚ್ಚಾದವು. ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತವು. ಆಮೇಲೆ ಲ್ಯಾಕ್ಟೋಸ್ ತಿನ್ನಲು ಶುರು ಮಾಡಿ ಮತ್ತೆ ಹೆಚ್ಚಾದವು. ನಕ್ಷೆ ಬರೆದರೆ ಎರಡು ಮೆಟ್ಟಿಲಿನ ಹಾಗೆ ಕಾಣುತ್ತದೆ.

ಯಾಕೆ ಹೀಗೆ? ಗ್ಲೂಕೋಸ್ ಅಂದ್ರೆ ಮಾಡಿಟ್ಟ ಅನ್ನ ಇದ್ದ ಹಾಗೆ. ಲ್ಯಾಕ್ಟೋಸ್ ಭತ್ತ ಇದ್ದ ಹಾಗೆ. ಅದನ್ನು ಒಳಗೆ ತರಲು ಬೇರೆ ಬಾಗಿಲು ಬೇಕು, ಒಡೆಯಲು ಬೇರೆ ಕಿಣ್ವ ಬೇಕು. ಇವನ್ನೆಲ್ಲ ತಯಾರಿಸಲು ಖರ್ಚಾಗುತ್ತದೆ. ಮಾಡಿಟ್ಟ ಅನ್ನ ಇರುವಾಗ ಭತ್ತ ಕುಟ್ಟಲು ಯಾರು ಕೂರ್ತಾರೆ?

2. ಗಂಟೆ ಸಿಕ್ಕಿದ್ದು ಲಿವರಿನಲ್ಲಿ

ಇದಕ್ಕೆ ಸಂಬಂಧವೇ ಇಲ್ಲವೆಂಬಂತೆ ಅಮೆರಿಕದಲ್ಲಿ ಅರ್ಲ್ ಸದರ್‌ಲ್ಯಾಂಡ್ ಎಂಬ ವಿಜ್ಞಾನಿ ಪ್ರಾಣಿಗಳ ಲಿವರ್ ಅಂದರೆ ಪಿತ್ತಜನಕಾಂಗವನ್ನು ಪರೀಕ್ಷಿಸುತ್ತಿದ್ದರು. ನಾಯಿ ಅಟ್ಟಿಸಿಕೊಂಡು ಬಂದರೆ ನಮ್ಮ ರಕ್ತಕ್ಕೆ ಅಡ್ರಿನಲಿನ್ ಬರುತ್ತದೆ. ಕೂಡಲೇ ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ಬಿಡುತ್ತದೆ. ಆದರೆ ಅಡ್ರಿನಲಿನ್ ಜೀವಕೋಶದ ಒಳಗೆ ಹೋಗುವುದೇ ಇಲ್ಲ, ಹೊರಗೇ ನಿಂತು ಬಾಗಿಲು ತಟ್ಟುತ್ತದೆ. ಒಳಗೆ ಸುದ್ದಿ ಮುಟ್ಟಿಸುವುದು ಇನ್ನೊಂದು ಪದಾರ್ಥ. ಅದನ್ನು ಕುದಿಸಿದರೂ ಅದರ ಶಕ್ತಿ ಹೋಗಲಿಲ್ಲ! 1950ರ ದಶಕದ ಕೊನೆಯಲ್ಲಿ ಅದು ಸೈಕ್ಲಿಕ್ ಎ.ಎಂ.ಪಿ. ಎಂದು ತಿಳಿಯಿತು. ಇದಕ್ಕಾಗಿ ಸದರ್‌ಲ್ಯಾಂಡ್ ಅವರಿಗೆ 1971ರಲ್ಲಿ ನೊಬೆಲ್ ಬಹುಮಾನ ಬಂತು.

1965ರಲ್ಲಿ ಅವರೂ ಮ್ಯಾಕ್‌ಮನ್ ಎಂಬ ಜೊತೆಗಾರರೂ ಇದೇ ಪದಾರ್ಥವನ್ನು ಇ. ಕೋಲಿಯಲ್ಲಿ ಹುಡುಕಿದರು. ಅಲ್ಲೂ ಸಿಕ್ಕಿತು! ಗ್ಲೂಕೋಸ್ ಇರುವಾಗ ಕಡಿಮೆ, ಗ್ಲೂಕೋಸ್ ಮುಗಿದಾಗ ಹೆಚ್ಚು. ಅಂದ್ರೆ ಇದೇ ಬ್ಯಾಕ್ಟೀರಿಯಾದ ಹಸಿವಿನ ಗಂಟೆ.

3. ಗಂಟೆ ಹೇಗೆ ಕೆಲಸ ಮಾಡುತ್ತದೆ?

ನಮ್ಮ ಶಾಲೆಯ ಗಂಟೆಗೆ ಬಾರಿಸುವವರು ಬೇಕು, ಕೇಳುವವರು ಬೇಕು, ಸದ್ದು ನಿಲ್ಲಲೂ ಬೇಕು. ಬ್ಯಾಕ್ಟೀರಿಯಾದಲ್ಲೂ ಹಾಗೆಯೇ.

ಬಾರಿಸುವವರು: ಎಲ್ಲ ಜೀವಕೋಶಗಳಲ್ಲೂ ಎ.ಟಿ.ಪಿ. ಎಂಬ ಇಂಧನ ಇರುತ್ತದೆ. ಅಡಿನೈಲೇಟ್ ಸೈಕ್ಲೇಸ್ ಎಂಬ ಕಿಣ್ವ ಅದರಿಂದ ಎರಡು ಫಾಸ್ಫೇಟುಗಳನ್ನು ಕಿತ್ತು, ಉಳಿದದ್ದನ್ನು ಬಳೆಯ ಹಾಗೆ ಬಗ್ಗಿಸಿ ಕೂಡಿಸುತ್ತದೆ. ಅದೇ ಸೈಕ್ಲಿಕ್ ಎ.ಎಂ.ಪಿ.

ಕೇಳುವವರು: ಸಿ.ಆರ್.ಪಿ. ಎಂಬ ಪ್ರೋಟೀನ್. ಈ ಬಳೆ ಅದರ ಜೇಬಿನಂಥ ಜಾಗದಲ್ಲಿ ಬಂದು ಕೂತರೆ ಪ್ರೋಟೀನಿನ ಆಕಾರ ಬದಲಾಗುತ್ತದೆ. ಆಗ ಅದು ಡಿ.ಎನ್.ಎ. ಮೇಲೆ ಕೂತು "ಲ್ಯಾಕ್ಟೋಸ್ ಒಡೆಯುವ ಕಿಣ್ವ ತಯಾರಾಗಲಿ" ಅನ್ನುತ್ತದೆ. ಆದರೆ ಲ್ಯಾಕ್ಟೋಸ್ ನಿಜವಾಗಿ ಇದ್ದರೆ ಮಾತ್ರ ಇನ್ನೊಂದು ಬೀಗ ತೆಗೆಯುತ್ತದೆ. ಹಸಿವೂ ಇರಬೇಕು, ಊಟವೂ ಇರಬೇಕು. ಗ್ಲೂಕೋಸ್ ಇರುವಷ್ಟು ಹೊತ್ತು ಲ್ಯಾಕ್ಟೋಸಿನ ಬಾಗಿಲಿಗೂ ತಡೆ ಇರುತ್ತದೆ.

ನಿಲ್ಲಿಸುವವರು: ಇನ್ನೊಂದು ಕಿಣ್ವ ಬಳೆಯನ್ನು ಒಡೆದು ಹಾಕುತ್ತದೆ. ಹಳೇ ಪಾಠ ಒರೆಸದಿದ್ದರೆ ಬೋರ್ಡಿನ ಮೇಲೆ ಹೊಸ ಪಾಠ ಬರೆಯಲು ಆಗುತ್ತಾ?

ಬೇರೆ ಗಂಟೆಗಳೂ ಇವೆ. 1969ರಲ್ಲಿ ಕ್ಯಾಶೆಲ್ ಮತ್ತು ಗ್ಯಾಲಂಟ್ ಎಂಬುವರು ಪ್ರೋಟೀನ್ ಕಟ್ಟುವ ಸಾಮಾನು ಕಡಿಮೆಯಾದಾಗ ಬರುವ ಸಂದೇಶವನ್ನು ಕಂಡುಹಿಡಿದರು. 1987ರಲ್ಲಿ ಇಸ್ರೇಲಿನ ಮೋಶೆ ಬೆಂಜಿಮನ್ ಅವರ ತಂಡ ಇನ್ನೊಂದನ್ನು ತಿಳಿಸಿತು. ಅದು "ಈಜುವುದು ಸಾಕು, ಒಂದು ಕಡೆ ಅಂಟಿಕೊಂಡು ಕೂರು" ಎನ್ನುವ ಗಂಟೆ ಎಂದು ಆಮೇಲೆ ಗೊತ್ತಾಯಿತು.

4. ಇದು ಹೇಗೆ ವಿಕಾಸವಾಯಿತು?

ಸುಮಾರು 350 ಕೋಟಿ ವರ್ಷಗಳಷ್ಟು ಹಳೆಯ ಕಲ್ಲುಗಳಲ್ಲಿ ಸೂಕ್ಷ್ಮಜೀವಿಗಳ ಗುರುತು ಸಿಕ್ಕಿವೆ. ಆದರೆ ಕಲ್ಲಿನಲ್ಲಿ ಸಂದೇಶಗಳು ಉಳಿಯುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಈಗ ಬದುಕಿರುವ ಜೀವಿಗಳ ಪ್ರೋಟೀನುಗಳನ್ನು ಪಕ್ಕ ಪಕ್ಕ ಇಟ್ಟು ಹೋಲಿಸುತ್ತಾರೆ. ಅಣ್ಣ ತಮ್ಮಂದಿರ ಮುಖ ನೋಡಿ ಒಂದೇ ಮನೆಯವರು ಅಂತ ಹೇಳುವ ಹಾಗೆ.

ಹೀಗೆ ಹೋಲಿಸಿದಾಗ ಎರಡು ವಿಷಯ ಗೊತ್ತಾಯಿತು.

ಒಂದು: ಗಂಟೆ ಬಾರಿಸುವ ಕಿಣ್ವಗಳು ಎಲ್ಲ ಒಂದೇ ಮನೆತನದವಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಮನೆತನಗಳಿವೆ. ಇ. ಕೋಲಿಯದು ಒಂದು, ನಮ್ಮದು ಇನ್ನೊಂದು. ಕ್ಷಯರೋಗದ ಬ್ಯಾಕ್ಟೀರಿಯಾದಲ್ಲಿ ಸುಮಾರು 15 ಇಂಥ ಕಿಣ್ವಗಳಿದ್ದು, ಅವು ನಮ್ಮ ಮನೆತನದವೇ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಅವರ ತಂಡ ಈ ಕಿಣ್ವಗಳ ಬಗ್ಗೆ ಸಂಶೋಧನೆ ಮಾಡಿದೆ. ಎ.ಟಿ.ಪಿ. ಎಲ್ಲರ ಮನೆಯಲ್ಲೂ ಇರುವ ಸಾಮಾನು. ಆದ್ದರಿಂದ ಒಂದೇ ಗಂಟೆಯನ್ನು ಪ್ರಕೃತಿ ಹಲವು ಸಲ ಬೇರೆ ಬೇರೆಯಾಗಿ ಮಾಡಿಕೊಂಡಿದೆ.

ಎರಡು: ಕೇಳುವ ಪ್ರೋಟೀನಿನ ಜೇಬು ಮಾತ್ರ ಇ. ಕೋಲಿಗೂ ನಮಗೂ ಒಂದೇ ಮೂಲದ್ದು. ಜೀವಕೋಶ ಇಬ್ಭಾಗವಾಗುವಾಗ ಕೆಲವು ಸಲ ಒಂದು ವಂಶವಾಹಿಗೆ ಎರಡು ಪ್ರತಿ ಆಗಿಬಿಡುತ್ತದೆ. ಒಂದು ಪ್ರತಿ ಹಳೇ ಕೆಲಸ ನೋಡಿಕೊಳ್ಳುತ್ತದೆ. ಇನ್ನೊಂದು ಸ್ವಲ್ಪ ಸ್ವಲ್ಪ ಬದಲಾಗಿ ಹೊಸ ಕೆಲಸ ಕಲಿಯುತ್ತದೆ. ಹಾಗಾಗಿ ಜೇಬು ಹಳೆಯದು, ಅದನ್ನು ಹೊಲಿದ ಅಂಗಿ ಮಾತ್ರ ಬೇರೆ ಬೇರೆ. ಬ್ಯಾಕ್ಟೀರಿಯಾದಲ್ಲಿ ಅದು ಡಿ.ಎನ್.ಎ. ಮೇಲೆ ಕೂರುವ ಪ್ರೋಟೀನಿನಲ್ಲಿದೆ. ನಮ್ಮ ಲಿವರಿನಲ್ಲಿ ಸಕ್ಕರೆ ಬಿಡಿಸುವ ಕಿಣ್ವದಲ್ಲಿದೆ. ಮಣ್ಣಿನಲ್ಲಿರುವ ಡಿಕ್ಟಿಯೊಸ್ಟೀಲಿಯಂ ಎಂಬ ಅಮೀಬಾ ಹಸಿದಾಗ ಇದೇ ಸೈಕ್ಲಿಕ್ ಎ.ಎಂ.ಪಿ.ಯನ್ನು ಹೊರಗೆ ಬಿಟ್ಟು "ಎಲ್ಲರೂ ಸೇರೋಣ ಬನ್ನಿ" ಎಂದು ಕರೆಯುತ್ತದೆ.

ಗಂಟೆಯ ಸದ್ದು ಒಂದೇ. ಪ್ರಾರ್ಥನೆಗೋ, ಊಟಕ್ಕೋ, ಮನೆಗೋ ಎಂದು ತೀರ್ಮಾನ ಮಾಡುವುದು ಕೇಳುವವರು. ವಿಕಾಸ ಅಂದ್ರೆ ಎಲ್ಲವನ್ನೂ ಹೊಸದಾಗಿ ಮಾಡುವುದಲ್ಲ, ಇದ್ದದ್ದನ್ನೇ ಹೊಸ ಕೆಲಸಕ್ಕೆ ಹಚ್ಚುವುದು.

5. ಕಳ್ಳ ಗಂಟೆ

ನಮ್ಮ ಗಂಟೆಯೂ ಬ್ಯಾಕ್ಟೀರಿಯಾದ ಗಂಟೆಯೂ ಒಂದೇ ಆಗಿರುವುದರಿಂದ ಅಪಾಯವೂ ಇದೆ. ನೆರಡಿ ರೋಗದ (ಆಂಥ್ರಾಕ್ಸ್) ಮತ್ತು ನಾಯಿಕೆಮ್ಮಿನ ಬ್ಯಾಕ್ಟೀರಿಯಾಗಳು ಗಂಟೆ ಬಾರಿಸುವ ಕಿಣ್ವವನ್ನೇ ನಮ್ಮ ಜೀವಕೋಶಕ್ಕೆ ನುಗ್ಗಿಸುತ್ತವೆ. ಆ ಕಿಣ್ವ ಪೂರ್ತಿ ಎಚ್ಚರಗೊಳ್ಳುವುದು ನಮ್ಮಂಥವರ ಜೀವಕೋಶದಲ್ಲಿರುವ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನ್ ಸಿಕ್ಕಿದಾಗ. ಅಂದ್ರೆ ಅದು ನಮಗಾಗಿಯೇ ತಯಾರಾದ ಆಯುಧ.

ಕಾಲರಾ ಬ್ಯಾಕ್ಟೀರಿಯಾ ಇನ್ನೂ ಜಾಣ. 1959ರಲ್ಲಿ ಕಲ್ಕತ್ತದ ಶಂಭುನಾಥ ಡೇ ಅವರು ಕಾಲರಾ ಆಗುವುದು ಆ ಬ್ಯಾಕ್ಟೀರಿಯಾ ಬಿಡುವ ಒಂದು ವಿಷದಿಂದ ಎಂದು ತೋರಿಸಿದರು. ಆ ವಿಷ ನಮ್ಮ ಕರುಳಿನ ಗಂಟೆಯ ಗುಂಡಿಯನ್ನು ಒತ್ತಿ ಹಾಗೇ ಹಿಡಿದುಬಿಡುತ್ತದೆ. ಗಂಟೆ ನಿಲ್ಲುವುದೇ ಇಲ್ಲ. ಸೈಕ್ಲಿಕ್ ಎ.ಎಂ.ಪಿ. ವಿಪರೀತ ಹೆಚ್ಚಿ ಉಪ್ಪೂ ನೀರೂ ಕರುಳಿಗೆ ಸುರಿಯುತ್ತವೆ. ರೋಗಿ ಸಾಯುವುದು ನೀರು ಬತ್ತಿ.

ಆದರೆ ಒಂದು ಬಾಗಿಲು ತೆರೆದೇ ಇರುತ್ತದೆ. ಗ್ಲೂಕೋಸ್ ಮತ್ತು ಉಪ್ಪು ಜೋಡಿಯಾಗಿ ಒಳಗೆ ಹೋಗುವ ಬಾಗಿಲು ಈ ಗಂಟೆಯ ಮಾತು ಕೇಳುವುದಿಲ್ಲ. ಅವೆರಡರ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಡಾ. ದಿಲೀಪ್ ಮಹಲನೊಬಿಸ್ ಅವರು ಸಕ್ಕರೆ ಉಪ್ಪಿನ ನೀರನ್ನೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕಡಿಮೆಗೆ ಇಳಿಯಿತು.

"ಭೇದಿ ಆಗುವಾಗ ಮಗುವಿಗೆ ನೀರು ಕೊಡಬಾರದು" ಅಂತ ಕೆಲವರು ಹೇಳ್ತಾರೆ. ಅದು ತಪ್ಪು. ಕೊಡದಿದ್ದರೇ ಅಪಾಯ. ಓ.ಆರ್.ಎಸ್. ಪೊಟ್ಟಣ ಸಿಕ್ಕದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಕಿ ಕುಡಿಸಬೇಕು. ಅಳತೆ ತಪ್ಪಬಾರದು. ರೋಗಿಯನ್ನು ಆರೋಗ್ಯ ಕೇಂದ್ರಕ್ಕೂ ಕರೆದುಕೊಂಡು ಹೋಗಬೇಕು. ಇದನ್ನು ಮನೆಯಲ್ಲಿ ಅವ್ವನಿಗೆ, ಅಜ್ಜಿಗೆ ಓದಿ ಹೇಳಿ.

ಓದಿದ ಮೇಲೆ ಉತ್ತರಿಸಿ:
1. ಲ್ಯಾಕ್ಟೋಸ್ ಇದ್ದರೂ ಇ. ಕೋಲಿ ಮೊದಲು ಗ್ಲೂಕೋಸ್ ತಿನ್ನುವುದೇಕೆ?
2. ಸೈಕ್ಲಿಕ್ ಎ.ಎಂ.ಪಿ. ಯಾವುದರಿಂದ ತಯಾರಾಗುತ್ತದೆ?
3. ಗಂಟೆ ನಿಲ್ಲಿಸುವ ಕಿಣ್ವ ಇಲ್ಲದಿದ್ದರೆ ಏನಾಗುತ್ತದೆ?
4. ಭೇದಿ ಆದವರಿಗೆ ಬರೀ ನೀರಿಗಿಂತ ಸಕ್ಕರೆ ಉಪ್ಪಿನ ನೀರು ಯಾಕೆ ಒಳ್ಳೆಯದು?

— 7ನೇ ತರಗತಿ, ವಿಜ್ಞಾನ ಸಂಘ