ನಕಾಶೆಯಲ್ಲಿನ ಹಸಿರು ಚೌಕ



ಕಳೆದ ತಿಂಗಳು ಕಲಾ ವಿಭಾಗದ ತರಗತಿಯಲ್ಲಿ ಸ್ಥಳೀಯ ಸರ್ಕಾರಗಳ ಪಾಠ ನಡೆದಿತ್ತು. ಸಂವಿಧಾನದ 74ನೇ ತಿದ್ದುಪಡಿ, 12ನೇ ಅನುಸೂಚಿ, ಅದರ 18 ವಿಷಯಗಳು. ಪಟ್ಟಿಯಲ್ಲಿ ಹನ್ನೆರಡನೆಯದು ಉದ್ಯಾನ, ತೋಟ, ಆಟದ ಮೈದಾನಗಳಂಥ ನಗರ ಸೌಲಭ್ಯಗಳು. ಅದನ್ನು ಓದುವಾಗ ಖಾನಾಪುರದಿಂದ ದಿನಾ ಬರುವ ಹುಡುಗನೊಬ್ಬ ಎದ್ದು ನಿಂತ. "ಸರ್, ನಮ್ಮ ಖಾನಾಪುರಕ್ಕ ಗಾರ್ಡನ್ ಯಾಕ ಬೇಕ್ರಿ? ನಾಕೂ ದಿಕ್ಕಿಗೆ ಅಡವಿ ಐತಲ್ರಿ!" ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಉತ್ತರ ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ಆ ಉತ್ತರವನ್ನೇ ಈಗ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಅಡವಿ ಇದೆ, ನಿಜ. ಭೀಮಗಡ ವನ್ಯಧಾಮ ಖಾನಾಪುರ ತಾಲ್ಲೂಕಿನಲ್ಲೇ ಇದೆ, ಮಲಪ್ರಭೆ ಹುಟ್ಟುವ ಕಣಕುಂಬಿಯೂ ಅಲ್ಲೇ. ಆದರೆ ಆರು ವರ್ಷದ ಮಗು ಸಂಜೆ ಚೆಂಡು ಹಿಡಿದು ಭೀಮಗಡಕ್ಕೆ ಹೋಗುವುದಿಲ್ಲ. ಮೊಣಕಾಲು ನೋವಿನ ಅಜ್ಜಿ ಕಣಕುಂಬಿಯ ತನಕ ವಾಕಿಂಗ್ ಹೋಗುವುದಿಲ್ಲ. ಮನೆಯಿಂದ ನಡೆದು ಹೋಗಬಹುದಾದ, ಅಮ್ಮಿ ಬಾಗಿಲಲ್ಲಿ ನಿಂತು ಕೂಗಿದರೆ ಕೇಳಿಸುವಷ್ಟು ಹತ್ತಿರದ ಜಾಗದ ಮಾತು ಇದು. ಅಂಥ ಜಾಗ ಊರಿಗೆ ಸಿಗುವುದು ಹೇಗೆ?

ಮೊದಲು ನನ್ನ ಮನೆಯ ಕಥೆ ಹೇಳುತ್ತೇನೆ.

2003ರಲ್ಲಿ ನನ್ನ ಅಬ್ಬಾ ಬೆಳಗಾವಿಯ ಅಂಚಿನ ಒಂದು ಹೊಸ ಬಡಾವಣೆಯಲ್ಲಿ ಮೂವತ್ತು-ನಲವತ್ತರ ಪ್ಲಾಟ್ ಹಿಡಿದರು. ಮಾರುವವರು ಕೊಟ್ಟ ಬಣ್ಣದ ಕಾಗದದಲ್ಲಿ ನಮ್ಮ ಪ್ಲಾಟಿನ ಎದುರಿಗೇ ಒಂದು ಹಸಿರು ಚೌಕವಿತ್ತು. ಒಳಗೆ 'ಗಾರ್ಡನ್' ಎಂದು ಬರೆದು ಎರಡು ತೆಂಗಿನಮರಗಳ ಚಿತ್ರ ಹಾಕಿದ್ದರು. ಗಾರ್ಡನ್ ಎದುರಿನ ಪ್ಲಾಟಿಗೆ ದರ ಜಾಸ್ತಿ. ಅಬ್ಬಾ ಆ ಜಾಸ್ತಿ ದುಡ್ಡನ್ನೂ ಕೊಟ್ಟರು. ಐದಾರು ವರ್ಷ ಅಲ್ಲಿ ಹುಲ್ಲು ಬೆಳೆಯಿತು, ನಾವು ಕ್ರಿಕೆಟ್ ಆಡಿದೆವು. ಆಮೇಲೊಂದು ದಿನ ಬುನಾದಿ ತೋಡುವವರು ಬಂದರು. ಈಗ ಅಲ್ಲಿ ಎರಡು ಮನೆಗಳಿವೆ. ಅವುಗಳಲ್ಲಿ ಇರುವವರೂ ನಮ್ಮಂತೆಯೇ ದುಡ್ಡು ಕೊಟ್ಟು ಕೊಂಡವರು, ಒಳ್ಳೆಯ ಜನ. ಈದ್ ದಿನ ಅವರ ಮನೆಗೆ ಶೀರ್‌ಖುರ್ಮಾ ಹೋಗುತ್ತದೆ.

ಅಬ್ಬಾ ಮೂರು ತಿಂಗಳು ಕಚೇರಿಗಳಿಗೆ ಅಲೆದರು. ಕೊನೆಗೆ ಮಂಜೂರಾದ ನಕಾಶೆಯ ದೃಢೀಕೃತ ಪ್ರತಿ ಕೈಗೆ ಬಂತು. ನೋಡಿದರೆ ಅದರಲ್ಲಿ ನಮ್ಮ ಎದುರಿನ ಜಾಗ ಮೊದಲಿಂದಲೂ ಪ್ಲಾಟೇ! ಉದ್ಯಾನ ಇದ್ದದ್ದು ಬಡಾವಣೆಯ ಇನ್ನೊಂದು ತುದಿಯಲ್ಲಿ, ನಾಲಾದ ಪಕ್ಕ, 11 ಗುಂಟೆ. ನಮಗೆ ತೋರಿಸಿದ್ದು ಮಾರಾಟದ ಚಿತ್ರ. ಸರ್ಕಾರ ಸಹಿ ಹಾಕಿದ ನಕಾಶೆಯನ್ನು ನಮ್ಮಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಶಾಲೆ ಕಲಿತ ನಾನೂ ಕೇಳಿರಲಿಲ್ಲ.

ಈಗ ಪಾಠಕ್ಕೆ ಬರೋಣ. ಊರಿಗೆ ಉದ್ಯಾನದ ಜಾಗ ಬರುವ ದಾರಿಗಳು ಹೆಚ್ಚಿಲ್ಲ. ಹಳೆಯ ಸರ್ಕಾರಿ ಜಾಗ ಉಳಿದಿದ್ದರೆ ಅದು ಒಂದು ದಾರಿ. ಬೆಳಗಾವಿ ಈ ವಿಷಯದಲ್ಲಿ ಪುಣ್ಯವಂತ ಊರು. ಕೋಟೆ ಕೆರೆ, ಕ್ಯಾಂಪ್ ಪ್ರದೇಶದ ಮರಗಳ ಸಾಲು, ಟಿಳಕವಾಡಿಯ ವ್ಯಾಕ್ಸಿನ್ ಡಿಪೊ, ಇವೆಲ್ಲ ಹಿಂದಿನ ಕಾಲದ ಕೊಡುಗೆ. ಆದರೆ ಅವು ಹಳೆಯ ಊರಿನಲ್ಲಿವೆ. ಊರು ಬೆಳೆಯುತ್ತಿರುವುದು ಕಣಬರ್ಗಿ, ಮಚ್ಛೆ, ಹಿಂಡಲಗಾ ಕಡೆಗೆ. ನಿನ್ನೆ ಭತ್ತದ ಗದ್ದೆಯಾಗಿದ್ದ ಕಡೆ ಸರ್ಕಾರಿ ಜಾಗ ಎಲ್ಲಿಂದ ಬರಬೇಕು?

ಹಾಗಾದರೆ ಕೊಳ್ಳಲಿ ಎನ್ನುತ್ತೀರಿ. ಕೊಳ್ಳುವುದು ಬಲು ದುಬಾರಿ. 2014ರ ಜನವರಿ 1ರಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆಯ ಪ್ರಕಾರ ನಗರದಲ್ಲಿ ಮಾರುಕಟ್ಟೆ ಬೆಲೆಯ ಸುಮಾರು ಎರಡು ಪಟ್ಟು, ಹಳ್ಳಿಯ ಭಾಗದಲ್ಲಿ ನಾಲ್ಕು ಪಟ್ಟಿನ ತನಕ ಪರಿಹಾರ ಕೊಡಬೇಕು. ರೈತನ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಆ ದುಡ್ಡು ಕೊಟ್ಟು ಉದ್ಯಾನ ಮಾಡುವ ಶಕ್ತಿ ಪಾಲಿಕೆಗೆ ಎಲ್ಲಿದೆ? ಮಹಾಯೋಜನೆಯ ನಕಾಶೆಯಲ್ಲಿ ಒಬ್ಬರ ಹೊಲಕ್ಕೆ ಹಸಿರು ಬಣ್ಣ ಬಳಿದರೂ ಸಾಲದು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 69ನೇ ಕಲಮಿನಂತೆ ಹಾಗೆ ಗುರುತಿಸಿದ ಜಮೀನನ್ನು ಐದು ವರ್ಷದೊಳಗೆ ಪಡೆಯದಿದ್ದರೆ ಆ ಗುರುತು ತಾನಾಗಿ ಬಿದ್ದುಹೋಗುತ್ತದೆ.

ಉಳಿಯುವುದು ಒಂದೇ ದಾರಿ. ಹೊಲ ಪ್ಲಾಟುಗಳಾಗುವ ಗಳಿಗೆಯಲ್ಲೇ ಜಾಗ ಕೇಳುವುದು. ಇದರ ಹಿಂದಿನ ತರ್ಕ ಸರಳ. ಗುಂಟೆಯ ಲೆಕ್ಕದಲ್ಲಿ ಹೊಲದ ಬೆಲೆಗೂ ಎನ್.ಎ. ಪ್ಲಾಟಿನ ಬೆಲೆಗೂ ಅಜಗಜಾಂತರ. ಆ ಏರಿಕೆಗೆ ಅರ್ಧ ಕಾರಣ ಸರ್ಕಾರದ ಪರವಾನಗಿ. ಪರವಾನಗಿ ಕೊಡುವಾಗ ಸಾರ್ವಜನಿಕರು ತಮ್ಮ ಪಾಲು ಕೇಳುತ್ತಾರೆ. ಅಲ್ಲಿ ವಾಸಕ್ಕೆ ಬರುವವರಿಂದಲೇ ಉದ್ಯಾನದ ಅಗತ್ಯ ಹುಟ್ಟುತ್ತದೆ, ಹಾಗಾಗಿ ಜಾಗವೂ ಅಲ್ಲಿಂದಲೇ ಬರಬೇಕು.

ಬೆಳಗಾವಿಯಲ್ಲಿ ಬಡಾವಣೆಗೆ ಮಂಜೂರಾತಿ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ನಾವು ಬುಡಾ ಎನ್ನುವುದು ಅದನ್ನೇ. ಅದರ ಮೂಲ 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ. ಪ್ರಾಧಿಕಾರ ತಾನೇ ಬಡಾವಣೆ ಮಾಡಿದರೆ ಕನಿಷ್ಠ ಶೇ 15 ಜಾಗ ಉದ್ಯಾನ ಮತ್ತು ಆಟದ ಮೈದಾನಕ್ಕೆ, ಇನ್ನೂ ಶೇ 10 ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಶಾಲೆ, ದವಾಖಾನೆ, ಅಂಚೆ ಕಚೇರಿಯಂಥವು ನಾಗರಿಕ ಸೌಲಭ್ಯಗಳು. ಖಾಸಗಿಯವರು ಮಾಡಿದರೆ ಪ್ರಾಧಿಕಾರದ ಒಪ್ಪಿಗೆ ಬೇಕು. ಎಷ್ಟು ಜಾಗ ಬಿಡಬೇಕೆಂಬುದನ್ನು ಯೋಜನಾ ನಿಯಮಗಳು ಹೇಳುತ್ತವೆ.

ಪುಕ್ಕಟೆ ಕೊಡು ಎಂದು ಕೇಳುವುದು ಸರಿಯೇ? ಈ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ದೆಹಲಿಯ ಪ್ರಕರಣವೊಂದರಲ್ಲಿ, ಕಾಯ್ದೆಯಲ್ಲಿ ಹಾಗೆಂದು ಇಲ್ಲದಿದ್ದರೆ ಪಾಲಿಕೆ ಜಾಗವನ್ನು ಪುಕ್ಕಟೆ ತನ್ನ ಹೆಸರಿಗೆ ಬರೆಸಿಕೊಳ್ಳುವಂತಿಲ್ಲ ಎಂದು ತೀರ್ಪು ಬಂತು. ಹಾಗಂತ ಮಾಲೀಕ ಅದನ್ನು ಮಾರುವಂತೆಯೂ ಇಲ್ಲ. ಪ್ಲಾಟುದಾರರ ಪರವಾಗಿ ಅವನು ಅದರ ಧರ್ಮದರ್ಶಿ ಮಾತ್ರ. 2023ರ ಫೆಬ್ರುವರಿಯಲ್ಲಿ ಚೆನ್ನೈಗೆ ಸಂಬಂಧಿಸಿದ ಪ್ರಕರಣದಲ್ಲಿ, ಶೇ 10 ಜಾಗವನ್ನು ದಾನಪತ್ರದ ಮೂಲಕ ಬಿಟ್ಟುಕೊಡಬೇಕೆಂಬ ನಿಯಮವನ್ನು ಕೋರ್ಟ್ ಎತ್ತಿಹಿಡಿಯಿತು. ನಿಯಮ ಸ್ಪಷ್ಟವಾಗಿದ್ದರೆ ಕೇಳುವ ಹಕ್ಕು ಇದೆ ಎಂದಾಯಿತು.

ಈಗ ಕಾಗದ-ಪೆನ್ನು ತೆಗೆಯಿರಿ. ವಾಣಿಜ್ಯ ವಿಭಾಗದವರಿಗೆ ಇದು ಸುಲಭದ ಲೆಕ್ಕ.

10 ಎಕರೆಯ ಒಂದು ಬಡಾವಣೆ, ಅಂದರೆ 4,35,600 ಚದರ ಅಡಿ. ಅರ್ಧ ಜಾಗ ಪ್ಲಾಟುಗಳಿಗೆ ಹೋಯಿತು ಎನ್ನಿ. 1,200 ಚದರ ಅಡಿಯ 181 ಪ್ಲಾಟುಗಳಾಗುತ್ತವೆ. ಮನೆಗೆ ಐದು ಜನರೆಂದರೆ 905 ಮಂದಿ. ಶೇ 15ರಂತೆ ಉದ್ಯಾನ ಒಂದೂವರೆ ಎಕರೆ, ಅಂದರೆ 60 ಗುಂಟೆ, ಸುಮಾರು 6,070 ಚದರ ಮೀಟರ್. ತಲೆಗೆ 6.7 ಚದರ ಮೀಟರ್. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ಹೇಳುವುದು ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗ. ಕಾನೂನನ್ನು ಅಕ್ಷರಶಃ ಪಾಲಿಸಿದ ಬಡಾವಣೆಯೂ ಅಷ್ಟು ಮುಟ್ಟುವುದಿಲ್ಲ! ಇನ್ನು ನಮ್ಮೂರಿನ ರೂಢಿ ನಿಮಗೆ ಗೊತ್ತು. ಕೆಳಗೆ ಮಾಲೀಕ, ಮೇಲೆರಡು ಮಹಡಿ ಬಾಡಿಗೆಗೆ. ಪ್ಲಾಟಿಗೆ ಮೂರು ಸಂಸಾರವಾದರೆ ಜನ 2,715, ತಲೆಗೆ ಉಳಿಯುವುದು 2.2 ಚದರ ಮೀಟರ್. ಒಂದು ಮಂಚ ಹಾಕಿದರೆ ಮುಗಿಯಿತು.

ನಮ್ಮ ನಿಯಮದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ. ಅದು ನೆಲವನ್ನು ಎಣಿಸುತ್ತದೆ, ಜನರನ್ನು ಎಣಿಸುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1965ರಿಂದ ಕ್ವಿಂಬಿ ಕಾಯ್ದೆ ಎಂಬುದಿದೆ. ಅಲ್ಲಿ ಸಾಮಾನ್ಯವಾಗಿ ಸಾವಿರ ಜನಕ್ಕೆ 3 ಎಕರೆ ಎಂಬ ಲೆಕ್ಕದಲ್ಲಿ ಜಾಗ ಕೇಳುತ್ತಾರೆ, ತಲೆಗೆ ಸುಮಾರು 12 ಚದರ ಮೀಟರ್. ಜಾಗದ ಬದಲು ಹಣ ಕಟ್ಟುವ ಅವಕಾಶವೂ ಅಲ್ಲಿದೆ. ಅದು ನಮಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಹಣ ಖಜಾನೆ ಸೇರಿ ಇನ್ನೆಲ್ಲೋ ಕಲ್ಲು ಬೆಂಚಾಗುತ್ತದೆ, ನಮ್ಮ ಓಣಿಯ ಮಕ್ಕಳು ರಸ್ತೆಯಲ್ಲೇ ಉಳಿಯುತ್ತಾರೆ. 2011ರ ಜನಗಣತಿಯಲ್ಲಿ ಬೆಳಗಾವಿ ಪಾಲಿಕೆಯ ಜನಸಂಖ್ಯೆ 4,88,157. ತಲೆಗೆ 10 ಚದರ ಮೀಟರ್ ಎಂದರೆ ಎಷ್ಟು ಎಕರೆ ಬೇಕು? ನೀವೇ ಮಾಡಿ ನೋಡಿ. ನನಗೆ 1,200 ಎಕರೆಗೂ ಸ್ವಲ್ಪ ಹೆಚ್ಚು ಬಂತು.

ಬಡಾವಣೆ ಸಣ್ಣದಾದಷ್ಟೂ ಕಷ್ಟ. ಒಂದು ಎಕರೆಯ ಲೇಔಟಿನಲ್ಲಿ ಶೇ 10 ಬಿಟ್ಟರೂ ಸಿಗುವುದು 4 ಗುಂಟೆ. ಅದರಲ್ಲಿ ಬೋರ್‌ವೆಲ್, ನೀರಿನ ಟ್ಯಾಂಕು, ಕರೆಂಟಿನ ಟ್ರಾನ್ಸ್‌ಫಾರ್ಮರ್ ಕೂತರೆ ಮಕ್ಕಳಿಗೆ ಉಳಿದದ್ದು ತಂತಿ ಬೇಲಿ. ಇದಕ್ಕಿಂತ ಕೆಟ್ಟದ್ದು ಗುಂಟಾ ಪ್ಲಾಟುಗಳ ವ್ಯವಹಾರ. ಎನ್.ಎ. ಇಲ್ಲ, ಮಂಜೂರಾದ ನಕಾಶೆ ಇಲ್ಲ, ಬಾಂಡ್ ಪೇಪರಿನ ಮೇಲೆ ಒಂದೆರಡು ಗುಂಟೆ ಬರೆದುಕೊಡುತ್ತಾರೆ. ಮಂಜೂರಾತಿಯೇ ಕೇಳದ ಮೇಲೆ ಪಾಲು ಕೇಳುವವರು ಯಾರು? ಅಂಥ ಕಡೆ ಉದ್ಯಾನದ ಜಾಗ ಸೊನ್ನೆ. ಕೊಳ್ಳುವವರನ್ನು ನಾನು ದೂರುವುದಿಲ್ಲ. ಗೌಂಡಿ ಕೆಲಸದವರು, ನೇಕಾರರು, ಹಣ್ಣಿನ ಗಾಡಿಯವರು ಕೊಡಬಲ್ಲ ಬೆಲೆಗೆ ಸಿಗುವುದು ಅದೊಂದೇ. ನಿಮ್ಮಲ್ಲಿ ಹಲವರ ಮನೆಗಳೂ ಅಂಥ ಕಡೆಯೇ ಇವೆ.

ಹಾಗಾದರೆ ಮಂಜೂರಾದ ನಕಾಶೆಯಲ್ಲಿ ಹಸಿರು ಚೌಕ ಬಂದರೆ ಗೆದ್ದಂತೆಯೇ? ಇಲ್ಲ. ನಮ್ಮ 11 ಗುಂಟೆಯ ಕಥೆ ಮುಂದುವರಿಯುವುದು ಇಲ್ಲಿಂದ. ಓಣಿಯ ಹಿರಿಯರು ಸೇರಿ ವಿಚಾರಿಸಿದಾಗ ಪರಿತ್ಯಾಜನಾ ಪತ್ರ ನೋಂದಣಿಯಾಗಿದ್ದು ಸಿಕ್ಕಿತು. ಅಂದರೆ, ಇಂಥ ರಸ್ತೆ, ಇಂಥ ಉದ್ಯಾನದ ಮೇಲಿನ ನನ್ನ ಹಕ್ಕನ್ನು ಬಿಟ್ಟಿದ್ದೇನೆ ಎಂದು ಮಾಲೀಕ ಬರೆದುಕೊಟ್ಟ ಕಾಗದ. ಆದರೆ ಉತಾರದಲ್ಲಿ ಇನ್ನೂ ಅವನದೇ ಹೆಸರು! ಪತ್ರ ಒಂದು ಕಪಾಟಿನಲ್ಲಿ, ಉತಾರ ಇನ್ನೊಂದು ಕಚೇರಿಯಲ್ಲಿ. ನಡುವೆ ಅರ್ಜಿ ಹೊತ್ತು ನಡೆಯುವವರು ಯಾರೂ ಇರಲಿಲ್ಲ. ಹೆಸರು ಬದಲಾಗದಿದ್ದರೆ ಮುಂದಿನ ಪೀಳಿಗೆಯಲ್ಲಿ ಯಾರೋ ಅದೇ ಉತಾರ ತೋರಿಸಿ ಮಾರಬಹುದು, ಯಾರೋ ಪಾಪ ಕೊಳ್ಳಬಹುದು. ಹೆಸರು ಬದಲಿಸಲು ಒಂದೂವರೆ ವರ್ಷ ಹಿಡಿಯಿತು.

ಹೆಸರು ಬದಲಾದ ಮೇಲೂ ಕಾವಲು ಬೇಕು. ಅದಕ್ಕೆಂದೇ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆ ಇದೆ. ಉದ್ಯಾನಗಳ ಪಟ್ಟಿ ತಯಾರಿಸಬೇಕು, ಪಟ್ಟಿಯಲ್ಲಿರುವ ಜಾಗವನ್ನು ಮನಸ್ಸಿಗೆ ಬಂದಂತೆ ಬೇರೆ ಕೆಲಸಕ್ಕೆ ಬಳಸಬಾರದು ಎನ್ನುತ್ತದೆ ಅದು. ಇದರ ಜೊತೆಗೆ ನೀವು ನೆನಪಿಡಬೇಕಾದ ಮೊಕದ್ದಮೆ ಬೆಂಗಳೂರಿನ ಸದಾಶಿವನಗರದ್ದು (ನಮ್ಮೂರಿನ ಸದಾಶಿವನಗರವಲ್ಲ). ಅಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡಲಾಯಿತು, ಅದೂ ಮುಖ್ಯಮಂತ್ರಿಯ ಮಟ್ಟದಿಂದ ಬಂದ ಸೂಚನೆಯ ಮೇಲೆ. ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರ ಜುಲೈ 19ರಂದು ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಆಸ್ಪತ್ರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯದೇ. ಆದರೆ ಸಾರ್ವಜನಿಕ ಉದ್ಯಾನ ಖಾಸಗಿ ಆಸ್ಪತ್ರೆಗೆ ಸಮನಲ್ಲ ಎಂದು ಕೋರ್ಟ್ ಕಂಡಿತು. ದೂರು ಕೊಡಲು ಅಕ್ಕಪಕ್ಕದ ನಿವಾಸಿಗಳಿಗೆ ಹಕ್ಕಿದೆ ಎಂಬುದನ್ನೂ ಒಪ್ಪಿತು. ಈ ಎರಡನೆಯ ಮಾತು ನಮ್ಮಂಥವರಿಗೆ ಬಹಳ ಉಪಯೋಗದ್ದು.

ಮತ್ತೆ ಖಾನಾಪುರದ ಹುಡುಗನ ಪ್ರಶ್ನೆಗೆ. ಮಗಾ, ಬೆಳಗಾವಿಯಲ್ಲಿ ಈ ಕೆಲಸಕ್ಕೆ ಅರ್ಧ ತಡವಾಗಿದೆ. ಖಾನಾಪುರದಲ್ಲಿ ಇನ್ನೂ ತಡವಾಗಿಲ್ಲ. ಬೆಳಗಾವಿಯಿಂದ ಇಪ್ಪತ್ತಾರು ಕಿಲೋಮೀಟರಿನ ಆ ಊರಿನ ಕಡೆಗೂ ರಸ್ತೆಯುದ್ದಕ್ಕೂ ಪ್ಲಾಟುಗಳ ಬೋರ್ಡುಗಳು ಬರುತ್ತಿವೆ, ನೀನು ಬಸ್ಸಿನ ಕಿಟಕಿಯಿಂದ ದಿನಾ ನೋಡುತ್ತೀಯ. ಒಂದೊಂದು ಬೋರ್ಡಿನ ಹಿಂದೆ ಒಂದೊಂದು ಹೊಲ ಇದೆ. ಆ ಹೊಲ ಪ್ಲಾಟಾಗುವ ದಿನ 60 ಗುಂಟೆ ಬಿಡಿಸಿಕೊಂಡರೆ ಬಿಡಿಸಿಕೊಂಡಂತೆ. ಮನೆಗಳೆದ್ದ ಮೇಲೆ ಯಾರ ಮನೆ ಕೆಡವುತ್ತೀ? ಅಡವಿ ಅರಣ್ಯ ಇಲಾಖೆಯದು, ಅದು ನಿನ್ನ ಓಣಿಗೆ ನಡೆದು ಬರುವುದಿಲ್ಲ.

ಈಗ ಮನೆಗೆಲಸ. ನಿಮ್ಮ ಬಡಾವಣೆಯ ಮಂಜೂರಾದ ನಕಾಶೆಯಲ್ಲಿ ಉದ್ಯಾನ ಎಲ್ಲಿದೆ, ಎಷ್ಟು ಗುಂಟೆ, ಪರಿತ್ಯಾಜನಾ ಪತ್ರ ಆಗಿದೆಯೇ, ಉತಾರದಲ್ಲಿ ಈಗ ಯಾರ ಹೆಸರಿದೆ, ಈ ನಾಲ್ಕನ್ನು ಪತ್ತೆ ಹಚ್ಚಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. ಹದಿನೆಂಟು ತುಂಬಿಲ್ಲದವರು ಅಬ್ಬಾ-ಅಮ್ಮಿಯ ಹೆಸರಿನಲ್ಲಿ ಬರೆಯಿರಿ. ಗುಂಟಾ ಪ್ಲಾಟಿನವರು ನಕಾಶೆ ಇಲ್ಲವೆಂದು ನಾಚಿಕೊಳ್ಳಬೇಡಿ. ಓಣಿಯ ಸುತ್ತ ಇನ್ನೂ ಖಾಲಿ ಇರುವ ಹೊಲಗಳ ಸರ್ವೆ ನಂಬರ್ ಬರೆದು ತನ್ನಿ, ಮುಂದೇನು ಮಾಡಬಹುದೆಂದು ಕೂತು ನೋಡೋಣ.

ನಮ್ಮ 11 ಗುಂಟೆಯಲ್ಲಿ ಸದ್ಯ ಒಂದು ಬೇಲಿ, ಮೂರು ಬೇವಿನ ಗಿಡ, ಒಂದು ಮುರಿದ ಸೀಸಾ ಇವೆ. ಅಬ್ಬಾ ಸಂಜೆ ಅಸರ್ ನಮಾಜ್ ಮುಗಿಸಿ ಅಲ್ಲಿಗೆ ಹೋಗುತ್ತಾರೆ, ನಮ್ಮ ಮನೆಯಿಂದ ಎಂಟು ನಿಮಿಷದ ನಡಿಗೆ. ಅರ್ಜಿಯ ಮಾದರಿ ನನ್ನ ಬಳಿ ಇದೆ. ಬೇಕಾದವರು ಮಧ್ಯಾಹ್ನದ ವಿರಾಮದಲ್ಲಿ ಸ್ಟಾಫ್ ರೂಮಿಗೆ ಬನ್ನಿ.