ನೋವಿಲ್ಲ ಅನ್ನುತ್ತಾರೆ, ಮತ್ತೇಕೆ ಹೀಗೆ?

ಪ್ರಶ್ನೆ: ನಮ್ಮ ಸೋದರಮಾವನಿಗೆ ಲಿವರ್ ಕ್ಯಾನ್ಸರ್. ಆಪರೇಷನ್ ಮಾಡುವ ಹಂತ ದಾಟಿದೆಯಂತೆ. ನೋವಿದೆಯಾ ಎಂದರೆ ಇಲ್ಲ ಅನ್ನುತ್ತಾರೆ. ಆದರೆ ಎರಡು ತುತ್ತಿಗೇ ಊಟ ಸಾಕು, ಹಗಲೆಲ್ಲ ನಿದ್ದೆ, ರಾತ್ರಿ ಎದ್ದು ಕೂತಿರುತ್ತಾರೆ, ಕೇಳಿದ್ದಕ್ಕೆ ಉತ್ತರವಿಲ್ಲ. ಬಂದವರೆಲ್ಲ ‘ಕುಡೀತಿದ್ರಾ?’ ಅನ್ನುತ್ತಾರೆ. ಅವರು ಹೆಂಡ ಮುಟ್ಟಿದವರಲ್ಲ. ಅವರೊಳಗೆ ನಿಜಕ್ಕೂ ಏನು ನಡೆಯುತ್ತಿರುತ್ತದೆ?
– ಓದುಗರು, ತಿಪಟೂರು

ಉತ್ತರ: ನೋವಿಲ್ಲ ಎಂದು ನಿಮ್ಮ ಮಾವ ಹೇಳುವುದು ನಿಜವೇ ಇರಬಹುದು. ಲಿವರಿನ ಒಳಭಾಗಕ್ಕೆ ನೋವು ತಿಳಿಯುವ ನರಗಳಿಲ್ಲ. ಅದನ್ನು ಸುತ್ತಿರುವ ತೆಳುಪೊರೆಗೆ ಮಾತ್ರ ಇವೆ. ಗಡ್ಡೆ ಬೆಳೆದು ಪೊರೆ ಬಿಗಿದಾಗ ಬಲಪಕ್ಕೆಯ ಕೆಳಗೆ ಭಾರ ಅನ್ನಿಸುತ್ತದೆ, ಕೆಲವರಿಗೆ ಬಲಭುಜ ನೋಯುತ್ತದೆ. ಆದರೆ ಈ ಕಾಯಿಲೆಯವರನ್ನು ಹೆಚ್ಚು ಕಾಡುವುದು ಸುಸ್ತು, ಮಲಗೆದ್ದರೂ ಹೋಗದ ಸುಸ್ತು. ಸ್ನಾನ ಮುಗಿಸಿ ಬಂದರೆ ಮತ್ತೆ ಮಲಗಬೇಕು. ಅದನ್ನು ನೋವಿನ ಹಾಗೆ ಬೆರಳಿಟ್ಟು ತೋರಿಸಲಾಗುವುದಿಲ್ಲ, ಹಾಗಾಗಿ ಸುಮ್ಮನಿರುತ್ತಾರೆ.

ಒಂದು ಸಂಗತಿಯನ್ನು ಮನೆಯವರಿಗೆ ಬಿಡಿಸಿ ಹೇಳುವವರು ಕಡಿಮೆ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಬಹುಪಾಲು ಬರುವುದು ಆಗಲೇ ಸಿರೋಸಿಸ್ ಆಗಿ ಗಟ್ಟಿಯಾದ ಲಿವರಿಗೆ. ಅಂದರೆ ರೋಗಿಗೆ ಇರುವುದು ಒಂದಲ್ಲ, ಎರಡು ಕಾಯಿಲೆ. ನೀವು ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವು ಗಡ್ಡೆಯವಲ್ಲ, ಸೋಲುತ್ತಿರುವ ಲಿವರಿನವು. ‘ಇನ್ನೇನೂ ಮಾಡೋಕಾಗಲ್ಲ’ ಎಂಬ ಮಾತು ಗಡ್ಡೆಯ ಮಟ್ಟಿಗೆ ನಿಜವಾದರೂ ಈ ತೊಂದರೆಗಳ ಮಟ್ಟಿಗೆ ಸುಳ್ಳು.

ಹಗಲುನಿದ್ದೆಯನ್ನೇ ನೋಡಿ. ಅದು ಮುನಿಸೂ ಅಲ್ಲ, ಹಠವೂ ಅಲ್ಲ. ಕರುಳಿನಲ್ಲಿ ಹುಟ್ಟುವ ಅಮೋನಿಯಾದಂಥ ವಸ್ತುಗಳನ್ನು ಲಿವರು ಸೋಸದೆ ಹೋದರೆ ಅವು ಮಿದುಳಿಗೆ ಹೋಗುತ್ತವೆ. ಎಷ್ಟೋ ಸಲ ಮೊದಲು ಕಾಣುವುದೇ ನಿದ್ದೆಯ ಹೊತ್ತು ತಿರುಗುಮುರುಗಾಗುವುದು. ಆಮೇಲೆ ಸಹಿ ಸೊಟ್ಟಗಾಗುತ್ತದೆ, ಚಿಲ್ಲರೆ ಲೆಕ್ಕ ತಪ್ಪುತ್ತದೆ, ಚಾಚಿದ ಕೈ ಪಟಪಟ ಬಡಿದುಕೊಳ್ಳುತ್ತದೆ. ಇದಕ್ಕೆ ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ ಇದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೊರಗೆ ಹೋಗುವಂತೆ ಅದರ ಅಳತೆ ಹೊಂದಿಸುತ್ತಾರೆ. ಪದೇ ಪದೇ ಎದ್ದು ಹೋಗುವ ಸಂಕೋಚಕ್ಕೆ ಅದನ್ನು ಗುಟ್ಟಾಗಿ ನಿಲ್ಲಿಸುವವರುಂಟು, ಕೇಳಿ ನೋಡಿ. ರಾತ್ರಿ ನಿದ್ದೆ ಬರಲೆಂದು ಮೆಡಿಕಲ್ ಶಾಪಿನಿಂದ ನಿದ್ದೆಮಾತ್ರೆ ಮಾತ್ರ ತರಬೇಡಿ, ಮಂಪರು ಇನ್ನೂ ಹೆಚ್ಚುತ್ತದೆ.

ಎರಡು ತುತ್ತಿಗೇ ಸಾಕೆನ್ನಲು ಕಾರಣ ಜಾಗವಿಲ್ಲದಿರುವುದು. ಊದಿದ ಲಿವರು ಮತ್ತು ಹೊಟ್ಟೆಯಲ್ಲಿ ತುಂಬಿದ ನೀರು ಜಠರವನ್ನು ಒತ್ತಿರುತ್ತವೆ. ಆ ನೀರನ್ನು ಸೂಜಿ ಹಾಕಿ ತೆಗೆದರೆ ಅದೇ ದಿನ ಉಸಿರಾಟವೂ ಊಟವೂ ಹಗುರಾಗುತ್ತವೆ. ಮತ್ತೆ ತುಂಬುತ್ತದೆ, ಮತ್ತೆ ತೆಗೆಸಬೇಕಾಗುತ್ತದೆ. ಬೇಳೆ, ಮೊಟ್ಟೆ, ಹಾಲು ಬಿಡಿಸಬೇಕೆಂಬುದು ಹಳೆಯ ಸಲಹೆ. ಈಗ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ, ಮಲಗುವ ಮುಂಚೆಯೂ ಏನಾದರೂ ತಿನ್ನಲಿ. ಉಪ್ಪು ಕಡಿಮೆ ಇರಬೇಕು, ನಿಜ. ಆದರೆ ಬದುಕು ವಾರಗಳ ಲೆಕ್ಕಕ್ಕೆ ಬಂದ ಮೇಲೆ ಚೂರು ಉಪ್ಪಿನಕಾಯಿಗಾಗಿ ಅವರೊಡನೆ ಜಗಳವಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಕಾಮಾಲೆಯಿಂದ ಮೈನವೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಔಷಧಿ ಇದೆ.

ಒಳಗಿನಿಂದ ಇದು ಹೇಗಿರುತ್ತದೆ ಎಂದು ಬರೆದಿಟ್ಟವರೊಬ್ಬರಿದ್ದಾರೆ. ನರರೋಗ ತಜ್ಞ, ಲೇಖಕ ಆಲಿವರ್ ಸ್ಯಾಕ್ಸ್ ಅವರಿಗೆ ಕಣ್ಣಿನಲ್ಲಿ ಹುಟ್ಟಿದ ಕ್ಯಾನ್ಸರ್ 2015ರ ಹೊತ್ತಿಗೆ ಲಿವರಿಗೆ ಹಬ್ಬಿತ್ತು. ಡಾಕ್ಟರುಗಳು ಗಡ್ಡೆಗೆ ಹೋಗುವ ರಕ್ತವನ್ನು ತಡೆಯುವ ಚಿಕಿತ್ಸೆ ಮಾಡಿದರು. ಅದಾದ ಮೇಲಿನ ದಿನಗಳ ಬಗ್ಗೆ ಅವರೇ ಬರೆದಿದ್ದಾರೆ: ಮೈಯೆಲ್ಲ ಏರುಪೇರಾದಂಥ, ಇಂಥಲ್ಲಿ ಎಂದು ಹೇಳಲಾಗದ ಅಸ್ವಸ್ಥತೆ, ಮಾತಿನ ನಡುವೆಯೇ ನಿದ್ದೆ. ಹತ್ತನೆಯ ದಿನ ಬೆಳಿಗ್ಗೆಯವರೆಗೂ ಹಾಗೇ ಇದ್ದು, ಮಧ್ಯಾಹ್ನಕ್ಕೆ ಬೇರೆಯೇ ಮನುಷ್ಯರಾದರು. ಆಮೇಲೆ ಕೆಲವು ತಿಂಗಳು ಚುರುಕಾಗಿ ಬರೆದರು, ಆಗಸ್ಟಿನಲ್ಲಿ ತೀರಿಕೊಂಡರು. ಅವರದು ಬೇರೆ ಕಡೆಯಿಂದ ಬಂದ ಕ್ಯಾನ್ಸರ್, ನಿಮ್ಮ ಮಾವನ ಸ್ಥಿತಿಯೇ ಬೇರೆ ಇರಬಹುದು. ಆದರೂ ಒಳ್ಳೆಯ ಹೊತ್ತುಗಳು ಮಾವನಿಗೂ ಬರುತ್ತವೆ. ಮಾತು, ಕಾಗದಪತ್ರ, ಯಾರನ್ನಾದರೂ ನೋಡುವ ಆಸೆ, ಎಲ್ಲವನ್ನೂ ಆ ಹೊತ್ತಿಗೆ ಇಟ್ಟುಕೊಳ್ಳಿ.

ಇನ್ನು ‘ಕುಡೀತಿದ್ರಾ?’ ಈ ಪ್ರಶ್ನೆ ಕಾಯಿಲೆಯ ಮೇಲೊಂದು ಬರೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್, ಇವೆಲ್ಲ ಹನಿ ಹೆಂಡ ಮುಟ್ಟದವರಿಗೂ ಈ ಕ್ಯಾನ್ಸರ್ ತರುತ್ತವೆ. ಹೆಪಟೈಟಿಸ್ ಬಿ ಎಷ್ಟೋ ಜನರಿಗೆ ಹುಟ್ಟುವಾಗಲೇ ತಾಯಿಯಿಂದ ಬಂದು ದಶಕಗಳ ಕಾಲ ಸುಳಿವಿಲ್ಲದೆ ಇರುತ್ತದೆ. ನಿಮ್ಮ ಮಾವನದು ಅದೇ ಆಗಿದ್ದರೆ ತಟ್ಟೆ, ಲೋಟ ಬೇರೆ ಇಡಬೇಡಿ; ಜೊತೆಗೆ ಉಂಡರೆ ಅದು ಹರಡುವುದಿಲ್ಲ. ಆದರೆ ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿ, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಿ. 2018ರಲ್ಲಿ ಶುರುವಾದ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಚಿಕಿತ್ಸೆ ಉಚಿತ.

ಮುಂದೆ ನೋವು ಬಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬೇಡಿ. ಕಿಡ್ನಿ ಕೆಡುತ್ತದೆ, ರಕ್ತಸ್ರಾವವಾಗುತ್ತದೆ. ಡಾಕ್ಟರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್, ಅದು ಸಾಲದಾದರೆ ಅವರ ನಿಗಾದಲ್ಲಿ ಮಾರ್ಫಿನ್ ಕೊಡಬಹುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಉಪಶಮನ ಚಿಕಿತ್ಸೆ ಸಿಗುತ್ತದೆ. ಮಾರತಹಳ್ಳಿ ಬಳಿಯ ಕರುಣಾಶ್ರಯದಲ್ಲಿ ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಸದ್ಯಕ್ಕೆ, ನಿದ್ದೆ ಹಿಂದುಮುಂದಾಗಿರುವುದನ್ನು ಈ ವಾರವೇ ಡಾಕ್ಟರಿಗೆ ತಿಳಿಸಿ. ರಕ್ತವಾಂತಿ, ಟಾರಿನಂಥ ಕಪ್ಪು ಮಲ, ಜ್ವರ, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.